ಕೈಗೆ ಕಟ್ಟುವ ಜಿಪಿಎಸ್: ಘಟ್ಟ ಹತ್ತುವವರು ಬಳಸುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಮ್ಯಾಪ್ ಇಲ್ಲ. ಗಾರ್ಮಿನ್ ಫೋರ್‌ಟ್ರೆಕ್ಸ್ ಕೊಂಡವರು ಡಬ್ಬ ಬಿಚ್ಚಿದ ತಕ್ಷಣ ಹುಡುಕುವುದು ಅದನ್ನೇ. ಮ್ಯಾಪ್ ಅನ್ನುವ ಪುಟವೇನೋ ಇದೆ, ಆದರೆ ಅದರಲ್ಲಿ ಊರಿಲ್ಲ, ರಸ್ತೆಯಿಲ್ಲ, ಹಳ್ಳವಿಲ್ಲ. ಖಾಲಿ ಪರದೆ, ಅದರ ಮೇಲೆ ನೀವು ನಡೆದು ಬಂದ ಗೆರೆ, ನೀವು ಗುರುತು ಹಾಕಿದ ಜಾಗಗಳು. ಅಷ್ಟೇ.

ಹಾಗಾದ್ರೆ ಫೋನ್ ಸಾಲದಾ? ಬಿಸಿಲಿನ ದಿನ, ಗೊತ್ತಿರುವ ದಾರಿಯಲ್ಲಿ ಧಾರಾಳವಾಗಿ ಸಾಕು. ಆದರೆ ಜಡಿಮಳೆಯಲ್ಲಿ ಒದ್ದೆ ಬೆರಳಿಗೆ ಟಚ್‌ಸ್ಕ್ರೀನ್ ಮಾತು ಕೇಳುವುದಿಲ್ಲ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಹುಲ್ಲಿನ ಬುಡ ಹಿಡಿದು ಹತ್ತುವಾಗ ಜೇಬಿನಿಂದ ಫೋನ್ ತೆಗೆಯುವುದಕ್ಕೂ ಆಗುವುದಿಲ್ಲ, ತೆಗೆದರೂ ಅದು ನೆಟ್‌ವರ್ಕ್ ಹುಡುಕಿ ಹುಡುಕಿ ಚಾರ್ಜ್ ಅರ್ಧ ಖಾಲಿ ಮಾಡಿಕೊಂಡಿರುತ್ತದೆ. ಇದಾದರೆ ಮಣಿಕಟ್ಟಿನ ಮೇಲೇ ಇದೆ, ಗುಂಡಿಗಳಿವೆ, ನೀರಿಗೆ ಹೆದರುವುದಿಲ್ಲ. ಒಂದು ಕಣ್ಣು ಹಾಯಿಸಿ ಮುಂದೆ ಹೋಗಬಹುದು. ಮ್ಯಾಪ್ ಇಲ್ಲದ ಕೊರತೆಯನ್ನು ನೀವೇ ತುಂಬಬೇಕು, ಅಂದರೆ ಹೋಗ್ತಾ ಹೋಗ್ತಾ ಗುರುತು ಹಾಕಬೇಕು. ಆ ಅಭ್ಯಾಸ ಇಲ್ಲದವರಿಗೆ ಇದು ದುಬಾರಿ ಗಡಿಯಾರ ಮಾತ್ರ.

ಯಾವುದು ಕೊಳ್ಳಬೇಕು ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಫೋರ್‌ಟ್ರೆಕ್ಸ್‌ನ ಹಳೆಯ 401 ಮಾದರಿ ಸೆಕೆಂಡ್‌ಹ್ಯಾಂಡ್ ಸಿಕ್ಕಿದರೂ ಕೆಲಸ ನಡೆಯುತ್ತದೆ, ಎರಡು ಎಎಎ ಸೆಲ್ ಹಾಕಿದರೆ ಸುಮಾರು 17 ಗಂಟೆ ಬರುತ್ತದೆ. 2017ರಲ್ಲಿ ಬಂದ 601ಕ್ಕೆ ಅದೇ ಎರಡು ಸೆಲ್, ಆದರೆ ಕಂಪನಿಯ ಲೆಕ್ಕದಲ್ಲಿ 48 ಗಂಟೆ, ಜೊತೆಗೆ ಅಮೆರಿಕದ ಜಿಪಿಎಸ್ ಉಪಗ್ರಹಗಳಲ್ಲದೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ ಕೂಡ ಹಿಡಿಯುತ್ತದೆ. ಕಣಿವೆಯಲ್ಲಿ ಆಕಾಶ ಸ್ವಲ್ಪವೇ ಕಾಣುವಾಗ ಈ ಹೆಚ್ಚಿನ ಉಪಗ್ರಹಗಳಿಂದ ಅನುಕೂಲ ಇದೆ. 701 ಬಂದೂಕಿನವರಿಗೆ, ಗುಂಡು ಹಾರುವ ಲೆಕ್ಕ ಹಾಕುವುದಕ್ಕೆ. ನಮಗೆ ಬೇಡ.

ಸೆಲ್ ವಿಷಯ ಸ್ವಲ್ಪ ಗಮನಿಸಿ. ಟಿವಿ ರಿಮೋಟಿಗೆ ಹಾಕುವ ಸಣ್ಣ ಸೆಲ್ ಇದು, ಘಟ್ಟದ ಬುಡದ ಪೆಟ್ಟಿಗೆ ಅಂಗಡಿಯಲ್ಲೂ ಸಿಗಬಹುದು. ಇದೇ ಇದರ ದೊಡ್ಡ ಅನುಕೂಲ, ಚಾರ್ಜರ್ ಪವರ್‌ಬ್ಯಾಂಕ್ ಅಂತ ಹೊರಬೇಕಿಲ್ಲ. ಆದರೆ ಅಲ್ಲಿ ಕೊಡುವುದು ಬಹಳ ಸಲ ಅಗ್ಗದ ಜಿಂಕ್-ಕಾರ್ಬನ್ ಸೆಲ್. ರಿಮೋಟಿಗೆ ಅದು ಸಾಕು, ಇದಕ್ಕೆ ಬೇಗ ಕೈ ಕೊಡುತ್ತದೆ. "ಆಲ್ಕಲೈನ್ ಕೊಡಿ" ಅಂತ ಕೇಳಿ ತಗೊಳ್ಳಿ, ಇಲ್ಲವೇ ಮನೆಯಿಂದಲೇ ಲಿಥಿಯಂ ಸೆಲ್ ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ಹಾಕಿದ್ದು ಯಾವ ಬಗೆಯ ಸೆಲ್ ಅಂತ ಸೆಟ್ಟಿಂಗ್‌ನಲ್ಲೂ ಹೇಳಬೇಕು. ಹೇಳದಿದ್ದರೆ ಎಷ್ಟು ಚಾರ್ಜ್ ಉಳಿದಿದೆ ಅಂತ ಅದು ತೋರಿಸುವುದೆಲ್ಲ ತಪ್ಪು.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ಅಕ್ಷಾಂಶ ರೇಖಾಂಶ ಬರೆಯುವ ರೀತಿಯನ್ನು ಮೊದಲು ನೋಡಿ. ಜನ ಜಾಸ್ತಿ ಎಡವುವುದು ಇಲ್ಲೇ. ಫೋನಿನ ಮ್ಯಾಪ್ ನಿಮಗೆ ಮುಳ್ಳಯ್ಯನಗಿರಿಯನ್ನು 13.391, 75.721 ಅಂತ ಕೊಡುತ್ತದೆ. ಇದು ಪೂರ್ತಿ ಡಿಗ್ರಿಯ ಲೆಕ್ಕ. ಕೈಗಡಿಯಾರ ಡಿಗ್ರಿ ಮತ್ತು ನಿಮಿಷದ ಲೆಕ್ಕದಲ್ಲಿದ್ದರೆ ಅದೇ ಜಾಗ 13 ಡಿಗ್ರಿ 23.46 ನಿಮಿಷ ಉತ್ತರ, 75 ಡಿಗ್ರಿ 43.26 ನಿಮಿಷ ಪೂರ್ವ. ಚುಕ್ಕಿಯ ಆಚೆಯದನ್ನು 60ರಿಂದ ಗುಣಿಸಿದರೆ ನಿಮಿಷ ಬರುತ್ತದೆ. ಗುಣಿಸದೆ ಸುಮ್ನೆ 13 ಡಿಗ್ರಿ 39.1 ಅಂತ ಒತ್ತಿದರೆ ನೀವು ಹೇಳಿದ ಜಾಗ ಬೆಟ್ಟದಿಂದ ಉತ್ತರಕ್ಕೆ ಸುಮಾರು 29 ಕಿಲೋಮೀಟರ್ ಸರಿದುಹೋಗುತ್ತದೆ. ರೇಖಾಂಶವನ್ನೂ ಹಾಗೇ ಒತ್ತಲು ಹೋದರೆ 72.1 ನಿಮಿಷ ಆಗುತ್ತದೆ. ನಿಮಿಷ 60 ದಾಟುವುದೇ ಇಲ್ಲವಲ್ಲ, ಅಲ್ಲೇ ಗೊತ್ತಾಗಬೇಕು ಏನೋ ಎಡವಟ್ಟಾಗಿದೆ ಅಂತ. ಜೊತೆಗೆ ಹೋಗುವವರೆಲ್ಲ ಒಂದೇ ರೀತಿ ಇಟ್ಟುಕೊಂಡರೆ ಈ ತಾಪತ್ರಯವೇ ಇಲ್ಲ.

ಡೇಟಮ್ ಅನ್ನುವಲ್ಲಿ, ಅಂದರೆ ಅಕ್ಷಾಂಶ ರೇಖಾಂಶವನ್ನು ಯಾವ ಲೆಕ್ಕದ ಆಧಾರದ ಮೇಲೆ ಎಣಿಸಬೇಕು ಅನ್ನುವ ಸೆಟ್ಟಿಂಗ್‌ನಲ್ಲಿ, ಡಬ್ಲ್ಯುಜಿಎಸ್ 84 ಇರಲಿ. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್ (ಕಾಗದದ ನಕ್ಷೆ) ಇಟ್ಟುಕೊಂಡು ಹೋಗುವವರಿಗೆ ಮಾತ್ರ ಇಲ್ಲೊಂದು ತೊಡಕು. ಅವು ಎವರೆಸ್ಟ್ ಅನ್ನುವ ಹಳೆಯ ಲೆಕ್ಕದಲ್ಲಿ ಬರೆದವು, ನಮ್ಮ ಕಡೆ ಎರಡರ ನಡುವೆ ನೂರರಿಂದ ಇನ್ನೂರು ಮೀಟರ್ ವ್ಯತ್ಯಾಸ ಬರುತ್ತದೆ. 1:50,000 ಶೀಟಿನಲ್ಲಿ ಇದು ಎರಡರಿಂದ ನಾಲ್ಕು ಮಿಲಿಮೀಟರ್ ಅಷ್ಟೇ, ನೆಲದ ಮೇಲೆ ಹಳ್ಳದ ಈ ದಡವೋ ಆ ದಡವೋ ಅನ್ನುವಷ್ಟು.

ಸಮಯ, ಮೀಟರ್, ಇವನ್ನೆಲ್ಲ ಸರಿಮಾಡಿಕೊಳ್ಳಿ. ಟ್ರ್ಯಾಕ್, ಅಂದರೆ ನೀವು ನಡೆದ ದಾರಿಯ ಗೆರೆ, ದಾಖಲಾಗುವ ರೀತಿಯನ್ನೂ ನೋಡಿ. 401ರಲ್ಲಿ 10,000 ಬಿಂದು ಹಿಡಿಯುತ್ತವೆ. ಕೇಳಲು ಬಹಳ ಅನಿಸುತ್ತದೆ, ಆದರೆ ಸೆಕೆಂಡಿಗೊಂದರಂತೆ ದಾಖಲಿಸಿದರೆ ಎರಡೂ ಮುಕ್ಕಾಲು ಗಂಟೆಗೆಲ್ಲ ಮುಗಿಯುತ್ತದೆ. ಆಮೇಲೆ ಸೆಟ್ಟಿಂಗ್ ನೋಡಿಕೊಂಡು ಅದು ಬರೆಯುವುದನ್ನೇ ನಿಲ್ಲಿಸುತ್ತದೆ, ಇಲ್ಲವೇ ಬೆಳಗ್ಗಿನ ಗೆರೆಯನ್ನು ಅಳಿಸುತ್ತಾ ಹೋಗುತ್ತದೆ. ವಾಪಸ್ ಬರುವಾಗ ಬೇಕಾಗುವುದು ಆ ಬೆಳಗ್ಗಿನ ಗೆರೆಯೇ. ಆಟೋ ಇಡಿ, ಅಥವಾ ಹತ್ತು ಮೀಟರಿಗೊಂದು ಬಿಂದು ಅಂತ ಇಡಿ, ಧಾರಾಳ ಆಯಿತು.

ದಾರಿ ಶುರುವಾಗುವಲ್ಲಿ

ಬಸ್ಸಿಳಿದ ಕೂಡಲೇ ನಡೆಯಲು ಶುರುಮಾಡಬೇಡಿ. ಬೆಂಗಳೂರಿನಲ್ಲಿ ಆಫ್ ಮಾಡಿದ ಯಂತ್ರವನ್ನು ಬೆಳಗಿನ ಜಾವ ಸುಬ್ರಹ್ಮಣ್ಯದಲ್ಲಿ ಆನ್ ಮಾಡಿದರೆ ಅದು ಉಪಗ್ರಹಗಳ ಹೊಸ ಲೆಕ್ಕವನ್ನು ಇಳಿಸಿಕೊಳ್ಳಬೇಕು. ಒಂದೊಂದು ಉಪಗ್ರಹ ತಾನು ಎಲ್ಲಿದ್ದೇನೆ ಅನ್ನುವ ವಿವರ ಪೂರ್ತಿ ಹೇಳಲು 30 ಸೆಕೆಂಡ್ ಬೇಕು, ಮಧ್ಯೆ ಮರ ಅಡ್ಡ ಬಂದರೆ ಮತ್ತೆ ಮೊದಲಿಂದ. ತೆರೆದ ಜಾಗದಲ್ಲಿ ಪರದೆಯನ್ನು ಆಕಾಶಕ್ಕೆ ಮುಖಮಾಡಿ ಐದು ನಿಮಿಷ ನಿಂತುಕೊಳ್ಳಿ, ಅಷ್ಟರಲ್ಲಿ ಚಹಾ ಮುಗಿಯುತ್ತದೆ. ಕಾಡೊಳಗೆ ಹೋದ ಮೇಲೆ ಆನ್ ಮಾಡುವವರೇ "ಸಿಗ್ನಲ್ಲೇ ಸಿಗಲ್ಲ ಇದಕ್ಕೆ" ಅಂತ ದೂರುವುದು.

ಅದೇ ಹೊತ್ತಿಗೆ ದಿಕ್ಸೂಚಿ ಸರಿಮಾಡಿ. ಸೆಲ್ ಬದಲಿಸಿದಾಗೆಲ್ಲ, ದೂರದ ಊರಿಗೆ ಬಂದಾಗೆಲ್ಲ ಇದನ್ನು ಮಾಡಬೇಕು. ಯಂತ್ರವನ್ನು ನೆಲಕ್ಕೆ ಸಮನಾಗಿ ಹಿಡಿದು, ನಿಂತಲ್ಲೇ ನಿಧಾನವಾಗಿ ಸುತ್ತು ತಿರುಗಿ. ಕತ್ತಿ, ಫೋನು, ಬೈಕು, ಜೀಪು ಹತ್ತಿರ ಇರಬಾರದು. ಕುದುರೆಮುಖದ ಕಡೆಯಾದರೆ ನೆಲದಲ್ಲೇ ಮ್ಯಾಗ್ನೆಟೈಟ್ ಅದಿರಿದೆ, ಅಲ್ಲಿ ಬಂಡೆಗೆ ಕೈ ಆನಿಸಿಕೊಂಡು ದಿಕ್ಕು ನೋಡಲು ಹೋಗಬೇಡಿ.

ಎತ್ತರದ ಲೆಕ್ಕಕ್ಕೆ ಒಂದು ಒಳ್ಳೆ ಉಪಾಯ ಇದೆ. 401, 601 ಎತ್ತರ ಹೇಳುವುದು ಗಾಳಿಯ ಒತ್ತಡ ನೋಡಿ, ಗೊತ್ತಿರುವ ಜಾಗದಲ್ಲಿ ಅದಕ್ಕೆ ಸರಿಯಾದ ಎತ್ತರ ಕೊಡಬೇಕು. ರೈಲಿನಲ್ಲಿ ಬಂದವರು ಸ್ಟೇಷನ್ನಿನ ಹಳದಿ ಬೋರ್ಡ್ ನೋಡಿ, ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿರುತ್ತದೆ. ಸಕಲೇಶಪುರ, ಸುಬ್ರಹ್ಮಣ್ಯ ರೋಡ್, ಎಲ್ಲಿಳಿದರೂ ಅದನ್ನೇ ಒತ್ತಿ. ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಬದಲಾದರೆ ಎತ್ತರ ಎಂಟೊಂಬತ್ತು ಮೀಟರ್ ತಪ್ಪು ತೋರಿಸುತ್ತದೆ, ನಮ್ಮ ಕಡೆ ಒತ್ತಡ ದಿನಕ್ಕೆರಡು ಸಲ ತಾನಾಗೇ ಏರಿಳಿಯುತ್ತದೆ. ಹಾಗಾಗಿ ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ಮೂವತ್ತು ಮೀಟರ್ ಆಚೀಚೆ ಆದರೆ ಗಾಬರಿ ಬೇಡ. ಕುಮಾರ ಪರ್ವತದ ತುದಿಗೆ ಹೋದರೆ 1,712 ಮೀಟರ್, ಅಲ್ಲಿ ಮತ್ತೊಮ್ಮೆ ಸರಿಮಾಡಿಕೊಳ್ಳಬಹುದು.

ಎಡಗೈಗೆ, ಅಂಗಿಯ ತೋಳಿನ ಮೇಲೆ ಕಟ್ಟಿ. ತೋಳಿನೊಳಗೆ ಹೋದರೆ ನೋಡುವುದೂ ಕಷ್ಟ, ಪಟ್ಟಿ ಕೆಳಗೆ ಬೆವರಿಗೆ ಚರ್ಮ ಕೆರೆಯುತ್ತದೆ.

ನಡೆಯುವಾಗ

ಗುರುತು ಎಲ್ಲಿ ಹಾಕಬೇಕು? ದಾರಿ ಕವಲಾಗುವಲ್ಲೆಲ್ಲ. ನೀರು ಸಿಗುವಲ್ಲಿ. ಕಾಡು ಮುಗಿದು ಹುಲ್ಲುಗಾವಲು ಶುರುವಾಗುವಲ್ಲಿ, ಮತ್ತೆ ಶೋಲಾ ಕಾಡಿನೊಳಗೆ (ಹುಲ್ಲುಗಾವಲಿನ ನಡುವಿನ ಕಣಿವೆಯ ದಟ್ಟ ಕಾಡು) ಇಳಿಯುವ ಬಾಯಿಯಲ್ಲಿ. ಇದರಲ್ಲಿ ಕೊನೆಯದೇ ಮುಖ್ಯ. ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತುವವರಿಗೆ ಗಿರಿಗದ್ದೆ, ಕಲ್ಲು ಮಂಟಪ, ಇವೆಲ್ಲ ಕಣ್ಣಿಗೇ ಕಾಣುವ ಗುರುತುಗಳು, ಯಂತ್ರ ಬೇಕಿಲ್ಲ. ಶೇಷ ಪರ್ವತ ದಾಟಿ ಕಾಡೊಳಗೆ ಇಳಿಯುವ ಜಾಗ ಹಾಗಲ್ಲ. ಹೋಗುವಾಗ ಬಿಸಿಲಿದ್ದರೆ ಕಾಲುದಾರಿ ಎದ್ದು ಕಾಣುತ್ತದೆ. ವಾಪಸ್ ಬರುವ ಹೊತ್ತಿಗೆ ಮಂಜು ಕವಿದರೆ ಹತ್ತಡಿ ಆಚೆ ಏನೂ ಇಲ್ಲ, ಹುಲ್ಲಿನಲ್ಲಿ ಎಲ್ಲಾ ಕಡೆ ದಾರಿಯಂತೆಯೇ ಕಾಣುತ್ತದೆ, ದನ ಕಾಟಿ ಓಡಾಡಿದ ಜಾಡು ಕೂಡ. ಆಗ ಆ ಒಂದು ಗುರುತು ಇದ್ದರೆ ಸಾಕು.

ಗುರುತಿಗೆ ಹೆಸರು ಕೊಡುತ್ತಾ ಕೂರಬೇಡಿ. ಎರಡು ಗುಂಡಿಯಲ್ಲಿ ಒಂದೊಂದೇ ಅಕ್ಷರ ಉರುಳಿಸಬೇಕು, ಅಷ್ಟರಲ್ಲಿ ಜಿಗಣೆ ಮೊಣಕಾಲಿಗೆ ಬಂದಿರುತ್ತದೆ. ಅದೇ ಕೊಡುವ ನಂಬರ್ ಇರಲಿ, "7 – ನೀರು, 8 – ಶೋಲಾ ಬಾಯಿ" ಅಂತ ಪುಟ್ಟ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳಿ. ಪೆನ್ನಿನ ಶಾಯಿ ಮಳೆಗೆ ಹರಡುತ್ತದೆ.

ಈಗ ಬಾಣದ ಗುರುತು. ಒಂದು ಜಾಗ ಆರಿಸಿ ಗೋ ಟು ಒತ್ತಿದರೆ ಬಾಣ ಆ ಕಡೆ ತಿರುಗುತ್ತದೆ, ದೂರವನ್ನೂ ಹೇಳುತ್ತದೆ. ಎರಡೂ ನೇರ ಗೆರೆಯ ಲೆಕ್ಕ, ಹಕ್ಕಿ ಹಾರುವ ದಾರಿ. ನಡುವೆ ಪ್ರಪಾತ ಇದೆಯೋ, ಹಳ್ಳ ತುಂಬಿ ಹರಿಯುತ್ತಿದೆಯೋ ಅದಕ್ಕೆ ಗೊತ್ತಿಲ್ಲ. 800 ಮೀಟರ್ ಅಂದದ್ದು ಘಟ್ಟದಲ್ಲಿ ಎರಡು ಕಿಲೋಮೀಟರ್ ಆಗಬಹುದು, ಇಷ್ಟು ಹೊತ್ತಿಗೆ ತಲುಪುತ್ತೀರಿ ಅಂತ ಅದು ಕೊಡುವ ಸಮಯವೂ ಅಷ್ಟೇ ಸುಳ್ಳು. ಬಾಣ ನೋಡಿ ದಾರಿ ಬಿಟ್ಟು ಇಳಿಯುವುದು ಈ ಯಂತ್ರದಿಂದ ಆಗಬಹುದಾದ ಅತಿ ಕೆಟ್ಟ ಕೆಲಸ. ವಾಪಸ್ ಬರಲು ಗೋ ಟು ಬೇಡ, ಟ್ರ್ಯಾಕ್‌ಬ್ಯಾಕ್ ಬಳಸಿ. ಅದು ನೀವು ಬಂದ ಗೆರೆಯನ್ನೇ ತಿರುಗಿಸಿ, ಸುತ್ತು ಬಳಸು ಸಮೇತ ಹಾಗೇ ಕರೆದೊಯ್ಯುತ್ತದೆ. ಗೆರೆಯಿಂದ ಹತ್ತು ಹದಿನೈದು ಮೀಟರ್ ಆಚೆ ನಡೆಯುತ್ತಿದ್ದೀರಿ ಅಂತ ತೋರಿಸಿದರೆ ಗಾಬರಿಪಟ್ಟು ಪೊದೆಗೆ ನುಗ್ಗಬೇಡಿ, ದಟ್ಟ ಮರದ ಕೆಳಗೆ ಅಷ್ಟು ತಪ್ಪು ಮಾಮೂಲು. ಕಾಲ ಕೆಳಗಿನ ದಾರಿ ಸ್ಪಷ್ಟವಾಗಿದ್ದರೆ ಅದನ್ನೇ ನಂಬಿ.

ಊಟಕ್ಕೆ ಕೂತಾಗ ದಾಖಲಾತಿ ನಿಲ್ಲಿಸಿದರೆ ಒಳ್ಳೆಯದು. ಕೂತಲ್ಲೇ ಕೂತಿದ್ದರೂ ಜಾಗದ ಲೆಕ್ಕ ಅತ್ತಿತ್ತ ಅಲೆದು ಗೆರೆ ಗೋಜಲಾಗುತ್ತದೆ, ನಡೆದ ದೂರವೂ ಸುಮ್ನೆ ಏರುತ್ತದೆ. ಎದ್ದಾಗ ಮತ್ತೆ ಶುರು ಮಾಡಲು ಮಾತ್ರ ಮರೆಯಬೇಡಿ. ಮರೆಯುವ ಜಾಯಮಾನ ಇದ್ದರೆ ನಿಲ್ಲಿಸಲೇಬೇಡಿ, ಗೋಜಲಿದ್ದರೂ ಗೆರೆ ಇರುವುದು ವಾಸಿ.

ಬೇರೆಯವರ ಟ್ರ್ಯಾಕ್ ಇಳಿಸಿಕೊಂಡು ಹೋಗುವವರಿಗೆ ಇಷ್ಟೇ ಮಾತು: ಗೆರೆ ಇದೆ ಅಂದ ಮಾತ್ರಕ್ಕೆ ಅಲ್ಲಿ ನಡೆಯಲು ಅನುಮತಿ ಇದೆ ಅಂತಲ್ಲ. ಕುಮಾರ ಪರ್ವತದಂಥ ಕಡೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದೂ ಅವರು ಹೇಳಿದ ದಾರಿಗೆ ಮಾತ್ರ.

ಗಿಡಮರ ಲೆಕ್ಕ, ತೋಟದ ಕೆಲಸಕ್ಕೆ

ಚಾರಣ ಅಲ್ಲದೆ ಫೀಲ್ಡ್ ಕೆಲಸಕ್ಕೆ ಬಳಸುವವರು ಜಾಗ ಬರೆಯುವ ರೀತಿಯನ್ನು ಯುಟಿಎಂಗೆ ಬದಲಿಸಿಕೊಳ್ಳಿ, ಭೂಮಿಯನ್ನು ವಲಯಗಳಾಗಿ ಹಂಚಿ ಚೌಕುಳಿ ಲೆಕ್ಕದಲ್ಲಿ ಜಾಗ ಹೇಳುವ ಪದ್ಧತಿ ಅದು. ಇದರಲ್ಲಿ ಎಲ್ಲವೂ ಮೀಟರ್. ಎರಡು ಮರಗಳ ನಡುವೆ ಪೂರ್ವಕ್ಕೆ 340, ಉತ್ತರಕ್ಕೆ 120 ವ್ಯತ್ಯಾಸ ಬಂದರೆ ನೇರ ದೂರ ಸುಮಾರು 360 ಮೀಟರ್. ಕರ್ನಾಟಕದ ಬಹುಪಾಲು 43ನೇ ವಲಯದಲ್ಲಿದೆ, ಬೆಂಗಳೂರು ಕೂಡ. ಆದರೆ ಗಡಿ 78 ಡಿಗ್ರಿ ರೇಖಾಂಶದಲ್ಲಿರುವುದರಿಂದ ಕೋಲಾರಕ್ಕೆ ಹೋದರೆ 44 ಆಗುತ್ತದೆ, ಸಂಖ್ಯೆಗಳು ಒಮ್ಮೆಲೇ ಬದಲಾಗುತ್ತವೆ. ಯಂತ್ರ ಕೆಟ್ಟಿದ್ದಲ್ಲ. ವಲಯದ ನಂಬರನ್ನೂ ಸೇರಿಸಿ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಆಮೇಲೆ ಕಂಪ್ಯೂಟರಿನಲ್ಲಿ ನಿಮ್ಮ ಮರಗಳು ಎಲ್ಲೆಲ್ಲೋ ಇರುತ್ತವೆ.

ಜಮೀನು ಅಳೆಯಬಹುದಾ ಅಂತ ತುಂಬ ಜನ ಕೇಳುತ್ತಾರೆ. ಐದಾರು ಎಕರೆ ತೋಟದ ಅಂದಾಜಿಗೆ ಪರವಾಗಿಲ್ಲ. ಗುಂಟೆ ಲೆಕ್ಕಕ್ಕೆ ಬೇಡವೇ ಬೇಡ. ಒಂದು ಗುಂಟೆ ಅಂದರೆ ಹತ್ತು ಮೀಟರಿಗೆ ಹತ್ತು ಮೀಟರ್, ಬಯಲಲ್ಲೂ ಇದು ಮೂರರಿಂದ ಐದು ಮೀಟರ್ ತಪ್ಪು ಹೇಳುತ್ತದೆ. ಪಕ್ಕದ ಜಮೀನಿನವರ ಜೊತೆ ಬೇಲಿ ತಕರಾರಿದ್ದರೆ ಸರ್ವೆ ಇಲಾಖೆಗೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಕೈಗಡಿಯಾರ ತೋರಿಸಿ ಜಗಳ ಆಡಬೇಡಿ.

ಅಮೆರಿಕದಲ್ಲಿರುವ ನೆಂಟರ ಕೈಲಿ ತರಿಸುವವರು ಮಾದರಿಯ ಹೆಸರು ಸರಿಯಾಗಿ ಹೇಳಿ ಕಳಿಸಿ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಇನ್‌ರೀಚ್ ಬಗೆಯ ಯಂತ್ರಗಳಿಗೆ ಭಾರತದಲ್ಲಿ ಸರ್ಕಾರದ ಅನುಮತಿ ಬೇಕು, ಇಲ್ಲದೆ ತಂದವರು ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದಿದ್ದಾರೆ. ಈ ಫೋರ್‌ಟ್ರೆಕ್ಸ್‌ಗಳು ಉಪಗ್ರಹದ ಸಿಗ್ನಲ್ ಕೇಳಿಸಿಕೊಳ್ಳುತ್ತವೆ, ಅದಕ್ಕೆ ಏನೂ ಕಳಿಸುವುದಿಲ್ಲ.

ಮನೆಗೆ ಬಂದ ಮೇಲೆ ಟ್ರ್ಯಾಕನ್ನು ಹೆಸರು ಕೊಟ್ಟು ಉಳಿಸಿ, ಕೇಬಲ್ ಹಾಕಿ ಕಂಪ್ಯೂಟರಿನಲ್ಲಿ ಗಾರ್ಮಿನ್‌ನ ಬೇಸ್‌ಕ್ಯಾಂಪ್ ಸಾಫ್ಟ್‌ವೇರ್‌ಗೆ ಇಳಿಸಿಕೊಳ್ಳಿ. 401ಕ್ಕೆ ಮಿನಿ ಯುಎಸ್‌ಬಿ, 601ಕ್ಕೆ ಮೈಕ್ರೋ, ಈಗಿನ ಫೋನಿನ ಕೇಬಲ್ ಎರಡಕ್ಕೂ ಆಗುವುದಿಲ್ಲ. ಪಟ್ಟಿಯನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಮುಂದಿನ ಚಾರಣ ತಿಂಗಳಾಚೆ ಇದ್ದರೆ ಸೆಲ್ ತೆಗೆದಿಡಿ, ಆಲ್ಕಲೈನ್ ಸೆಲ್ ಒಳಗೇ ಸೋರಿದರೆ ಸ್ಪ್ರಿಂಗ್ ಹಸಿರುಗಟ್ಟಿ ಹಾಳಾಗುತ್ತದೆ.