ಬೆವರು, ಪಿರಿಯಡ್ಸ್, ಐಸು: ನನ್ನ ಅನುಭವ

ಮಂಗಳೂರಿನ ಏಪ್ರಿಲ್ ಸೆಖೇಲಿ 5000 ಮೀಟರ್ ಹುಡುಗೀರನ್ನ ಓಡಿಸೋರಿಗೆ ಇದು ಗೊತ್ತಿರುತ್ತೆ, ಪಿರಿಯಡ್ಸ್ ಶುರುವಾದ್ಮೇಲೆ ಎರಡು ವಾರ ಆರಾಮಾಗಿ ಟೆಂಪೋ (ಒಂದೇ ಸಮ ಜೋರಾಗಿ ಓಡೋ ಪ್ರಾಕ್ಟೀಸು) ಓಡಿದೋಳು ಆಮೇಲಿನ ಎರಡು ವಾರ ನಾಲ್ಕನೇ ಲ್ಯಾಪಿಗೇ ಮುಖ ಕೆಂಪಗಾಗಿ ನಿಂತ್ಬಿಡ್ತಾಳೆ. "ಸೋಮಾರಿತನಕ್ಕೆಲ್ಲ ಹಾರ್ಮೋನ್ ಅಂತ ಹೆಸರಿಡ್ಬೇಡಿ ಮೇಡಂ" ಅಂತ ನಗ್ತಿದ್ದ ಕೋಚ್‌ಗಳೇ ಈಗ ಹುಡುಗೀರ ಮೈ ಬಿಸಿ ದಿನಾ ಬರ್ದಿಡೋ ನನ್ ಚಾರ್ಟಿನ ಫೋಟೋ ಕಳ್ಸಿ ಅಂತಿದಾರೆ, ಅದಕ್ಕೇ ಬರೀತಿದೀನಿ.

ದುಡ್ಡು ಹೋಗಿದ್ದು ಮೊದ್ಲು ಹೇಳ್ಬಿಡ್ತೀನಿ. ಬೆವರಿನ ಉಪ್ಪು ಅಳೆಯೋ ಪ್ಯಾಚು, ಫಾರಿನ್ ಎಲೆಕ್ಟ್ರೋಲೈಟ್ ಡಬ್ಬ ಎಲ್ಲಾ ಸೇರಿ ಹತ್ತು ಹನ್ನೆರಡು ಸಾವಿರ ನೀರಿಗೆ ಬಿತ್ತು, ಪ್ಯಾಚಂತೂ ವಾರ್ಮಪ್ಪಲ್ಲೇ ಕಿತ್ಕೊಂಡು ಬರ್ತಿತ್ತು. ಮೊಬೈಲ್ ಆಪ್ ಹೇಳೋ ಓವ್ಯುಲೇಷನ್ (ಅಂಡಾಣು ಬಿಡುಗಡೆ) ದಿನಾನೂ ಆಚೀಚೆ. ಕೊನೆಗೆ ಕೆಲಸಕ್ಕೆ ಬಂದಿದ್ದು ಮೆಡಿಕಲ್ ಶಾಪಿನ ಇನ್ನೂರು ರೂಪಾಯಿ ಥರ್ಮಾಮೀಟರು, ಸಾವಿರದ ಚಿಲ್ಲರೆ ತೂಕದ ಮೆಷಿನ್ನು.

ಬೆಳಿಗ್ಗೆ ಹಾಸಿಗೆಯಿಂದ ಏಳೋಕ್ ಮುಂಚೆ ನಾಲಿಗೆ ಕೆಳಗೆ ಇಡ್ಬೇಕು, ಕಂಕುಳದ್ದು ಲೆಕ್ಕಕ್ಕಿಲ್ಲ. 97.4 ಫ್ಯಾರನ್‌ಹೀಟ್ ಸುತ್ತ ಇದ್ದೋಳು 98 ದಾಟಿ ಮೂರು ದಿನ ಅಲ್ಲೇ ನಿಂತ್ರೆ ಪ್ರೊಜೆಸ್ಟರಾನ್ (ಓವ್ಯುಲೇಷನ್ ಆದ್ಮೇಲೆ ಹೆಚ್ಚಾಗೋ ಹಾರ್ಮೋನು) ಏರಿದೆ ಅಂತ. ಮೊದ್ಲು ನಾಚ್ಕೋತಿದ್ದ ಹುಡುಗೀರು ಈಗ ತಾವೇ ವಾಟ್ಸಾಪ್ ಮಾಡ್ತಾರೆ, "ಮೇಡಂ 98.1, ಇವತ್ತು ಐಸ್".

ತೂಕ ನೋಡಿ: ಓಟಕ್ಕೆ ಮುಂಚೆ 48.2 ಕೆಜಿ, ಒಂದು ಗಂಟೆ ಓಡಿ ಬೆವರು ಒರೆಸ್ಕೊಂಡು ನಿಂತ್ರೆ 47.4, ಮಧ್ಯೆ ಕುಡಿದಿದ್ದು 300 ಎಂಎಲ್, ಅಂದ್ರೆ ಬೆವರು 1.1 ಲೀಟರ್. ಮಜಾ ಏನಂದ್ರೆ ಆರಾಮಿನ ಎರಡು ವಾರಕ್ಕೂ ಕಷ್ಟದ ಎರಡು ವಾರಕ್ಕೂ ಈ ಲೆಕ್ಕ ಹೆಚ್ಚುಕಮ್ಮಿ ಒಂದೇ ಬಂತು! ಪ್ರೊಜೆಸ್ಟರಾನ್ ಏರಿದಾಗ ಮೈ ಮೊದ್ಲೇ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಬಿಸಿ, ಬೆವರು ಶುರುವಾಗೋ ಮಟ್ಟಾನೂ ಅಷ್ಟೇ ಮೇಲೆ ಹೋಗಿರುತ್ತೆ. ಅದರ ಮೇಲೆ ಈ ಕರಾವಳಿ ಗಾಳೀಲಿ ಬೆವರು ಆರಲ್ಲ, ಸುಮ್ನೆ ತೊಟ್ಟಿಕ್ಕುತ್ತೆ. ಇನ್ನೊಂದು ಲೀಟರ್ ನೀರು ಕುಡಿಸಿದ್ರೆ ಹೊಟ್ಟೆ ಕುಲುಕುತ್ತೆ ಅಷ್ಟೇ.

ಹಾಗಾಗಿ ಓಡೋಕ್ ಮುಂಚೇನೇ ಮೈ ತಣ್ಣಗೆ ಮಾಡೋಕೆ ಹಿಡಿದೆ. ಓಆರ್‌ಎಸ್ ಕಲಸಿ ಹೆಪ್ಪುಗಟ್ಟಿಸಿ ಮಿಕ್ಸೀಲಿ ಪುಡಿ ಮಾಡಿದ್ದು ಸುಮಾರು 350 ಗ್ರಾಂ, ಅರ್ಧ ಗಂಟೆ ಮುಂಚೆ ಚಮಚದಲ್ಲಿ ನಿಧಾನಕ್ಕೆ ತಿನ್ಬೇಕು. ಧಕ್ಕೆಯ (ಮೀನುಗಾರಿಕೆ ಬಂದರಿನ) ಮೀನಿನ ಐಸ್ ಅಗ್ಗ ಅಂತ ತರೋಕ್ ಹೋಗ್ಬೇಡಿ ಮಾರಾಯ್ರೆ. ವಾರ್ಮಪ್ ಅರ್ಧಕ್ಕೆ ಇಳಿಸ್ದೆ. ಅದರ ಜೊತೆ ಒದ್ದೆ ಟವೆಲ್ಲಿಂದು ಒಂದು ಕೆಲಸ ಮಾಡ್ತೀನಿ, ಅದು ಮಾತ್ರ ಈ ಸೀಸನ್ ಮುಗಿಯೋ ತನಕ ಹೇಳಲ್ಲ. ಬಿಸಿ ವಾರದಲ್ಲಿ ತನ್ನದೇ ಟೈಮಿಗಿಂತ ನಲವತ್ತು ಸೆಕೆಂಡ್ ಹಿಂದೆ ಬೀಳ್ತಿದ್ದೋಳು ಈಗ ಹತ್ತು ಹದಿನೈದರಲ್ಲಿ ಇದಾಳೆ.

ಇನ್ನೊಂದು, ಮೀಟಿಗೋಸ್ಕರ ಪಿರಿಯಡ್ಸ್ ಮುಂದೆ ಹಾಕೋ ಮಾತ್ರೆ ತಗೊಂಡೋಳ ಚಾರ್ಟೂ ಇಟ್ಟೆ. ಮಾತ್ರೆ ಮುಗಿಯೋ ತನಕ ಟೆಂಪರೇಚರ್ ಇಳೀಲೇ ಇಲ್ಲ, ಅದೂ ಪ್ರೊಜೆಸ್ಟರಾನ್ ಜಾತೀದೇ ತಾನೆ, ಅಂದ್ರೆ ರೇಸ್ ದಿನಕ್ಕೆ ಬೇಕಂತಲೇ ಬಿಸಿ ಮೈ ಮಾಡ್ಕೊಂಡಂಗೆ. ಮೂರು ತಿಂಗಳಿಂದ ಪಿರಿಯಡ್ಸೇ ಇಲ್ಲದೋಳಿಗೆ ಮಾತ್ರ ಈ ಚಾರ್ಟು ಐಸು ಯಾವ್ದೂ ಬೇಡ, ಕಿಲೋಮೀಟರ್ ಇಳಿಸಿ, ಊಟ ಜಾಸ್ತಿ ಮಾಡ್ಸಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.