ಸಣ್ಣ ಗುಂಡಿನ ಬೇಟೆ: ಯಾವ ಈಡು ಹೊಡೆಯದೆ ಬಿಡಬೇಕು ಅನ್ನೋದೇ ಲೆಕ್ಕ

ನಾನು ರೈಫಲ್ ಹಿಡಿದವನು ಅಂತ ಗೊತ್ತಾದ ಕೂಡಲೇ ಬೆಂಗಳೂರಿನಲ್ಲಿ ಜನ ಕೇಳುವ ಪ್ರಶ್ನೆ ಒಂದೇ. "ಸಾರ್, ಪಾಯಿಂಟ್ ಟೂ ಟೂನಲ್ಲಿ ಹಂದಿ ಬೀಳುತ್ತಾ?" ಕನಕಪುರದ ಕಡೆ ತೋಟ ಇರುವವರು ಕೇಳುತ್ತಾರೆ. ಏರ್ ರೈಫಲ್ ಕಲಿಯಲು ಬರುವ ಕಾಲೇಜು ಹುಡುಗರು ಕೇಳುತ್ತಾರೆ. ಅಮೆರಿಕಕ್ಕೆ ಹೊರಟಿರುವ ಐಟಿಯವರೂ ಕೇಳುತ್ತಾರೆ.

ತೋಟದವರಿಗೆ ಮೊದಲೇ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ನಮ್ಮಲ್ಲಿ ಶಿಕಾರಿ ಮುಗಿದ ಕಥೆ. ಹಂದಿ ರಾಗಿ ಹೊಲವನ್ನೆಲ್ಲ ಅಗೆದು ಹಾಕಿದರೂ ಹೋಗಬೇಕಾದ್ದು ಅರಣ್ಯ ಇಲಾಖೆಗೆ. ಅವರ ಅನುಮತಿ ಇಲ್ಲದೆ ಈಡು ಹೊಡೆದರೆ ಕೇಸು ಬೀಳುತ್ತದೆ. ಕೋವಿ ಲೈಸೆನ್ಸ್ ಇದ್ದರೆ ಸಾಕು ಅಂದುಕೊಂಡವರು ತುಂಬಾ ಜನ ಇದ್ದಾರೆ. ಆ ಲೈಸೆನ್ಸ್ ಕೋವಿ ಇಟ್ಟುಕೊಳ್ಳೋಕೆ, ಬೇಟೆಗಲ್ಲ. ಕಾನೂನಿನ ಮಾತು ಬಿಟ್ಟರೂ .22 (ಗುಂಡಿನ ಅಗಲ, ಇಂಚಿನ ಲೆಕ್ಕದಲ್ಲಿ) ಹಂದಿಗೆ ತಕ್ಕ ತೋಟಾ, ಅಂದರೆ ಕಾಡತೂಸು, ಅಲ್ಲ.

ನಾನು ಬೇಟೆಯಾಡಿದ್ದು ಟೆಕ್ಸಾಸ್‌ನಲ್ಲಿ, ಆಸ್ಟಿನ್‌ನಲ್ಲಿ ಕೆಲಸಕ್ಕಿದ್ದಾಗ. ಗುರಿ ಹಿಡಿಯೋದು ಕಲಿತದ್ದು ಮಾತ್ರ ಬೆಂಗಳೂರಿನಲ್ಲೇ, ಕಾಲೇಜಿನ ಎನ್‌ಸಿಸಿಯಲ್ಲಿ. ಕೈಯಲ್ಲಿ .22 ಡೀಲಕ್ಸ್ ರೈಫಲ್, 25 ಮೀಟರ್ ಆಚೆ ಕಾಗದದ ಗುರಿ, ಪಕ್ಕದಲ್ಲಿ ಹಿಂದಿಯಲ್ಲಿ "ಸಾಂಸ್ ರೋಕೋ, ಶಿಸ್ತ್ ಲೋ" (ಉಸಿರು ಹಿಡಿ, ಗುರಿ ಇಡು) ಅಂತ ಬೈಯುವ ಹವಾಲ್ದಾರರು. ಉಸಿರು ಅರ್ಧ ಬಿಟ್ಟು ನಿಲ್ಲಿಸೋದು, ಕುದುರೆಯನ್ನು (ಟ್ರಿಗರ್) ಎಳೆಯದೆ ಮೆಲ್ಲಗೆ ಒತ್ತೋದು, ಗುಂಡು ಹೋದಮೇಲೂ ಒಂದು ಕ್ಷಣ ಕಣ್ಣು ಅಲ್ಲೇ ಇಡೋದು. ಆಮೇಲೆ ಎಷ್ಟು ರೈಫಲ್ ಹಿಡಿದರೂ ಈ ಮೂರಕ್ಕಿಂತ ಹೆಚ್ಚೇನೂ ಬೇಕಾಗಲಿಲ್ಲ.

ಅಲ್ಲಿಗೆ ಹೋಗುವವರಿಗೆ ಒಂದು ವಿಷಯ. ಎಚ್1ಬಿ ಥರದ ವೀಸಾ ಮೇಲಿರುವವರು ಅಮೆರಿಕದಲ್ಲಿ ಸುಮ್ಮಸುಮ್ಮನೆ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಇದೆ. ಟೆಕ್ಸಾಸ್‌ನಲ್ಲಿ 1971ರ ಸೆಪ್ಟೆಂಬರ್ 2ರಿಂದ ಈಚೆಗೆ ಹುಟ್ಟಿದವರು ಬೇಟೆ ಶಿಕ್ಷಣದ ಕೋರ್ಸ್ ಮುಗಿಸಬೇಕು. ಕೋರ್ಸ್ ಸುಲಭ, ಆದರೆ ಅಲ್ಲಿ ತೋರಿಸುವ ಜಿಂಕೆಯ ಒಳಗಿನ ಚಿತ್ರವನ್ನು ಚೆನ್ನಾಗಿ ನೋಡಿಕೊಳ್ಳಿ. ಹೃದಯ ಎಲ್ಲಿದೆ, ಶ್ವಾಸಕೋಶ ಎಷ್ಟು ಹಿಂದಕ್ಕೆ ಬರುತ್ತದೆ, ಭುಜದ ಮೂಳೆ ಯಾವುದನ್ನು ಮುಚ್ಚುತ್ತದೆ ಅಂತ ಬಾಯಿಪಾಠ ಆಗಬೇಕು.

ಸಣ್ಣ ಕ್ಯಾಲಿಬರ್, ಅಂದರೆ ಕಡಿಮೆ ಅಗಲದ ಗುಂಡು, ಯಾಕೆ ಅಂತ ಅಲ್ಲಿನವರೂ ಕೇಳುತ್ತಿದ್ದರು. ನಾನು ಸಣಕಲು ಆಳು. ಜೊತೆಗೆ ಬರುತ್ತಿದ್ದ ಕೊಡಗಿನ ಸ್ನೇಹಿತ ಒಮ್ಮೆ ದೊಡ್ಡ ಗುಂಡಿನ ತನ್ನ .30-06 ರೈಫಲನ್ನು ರೇಂಜಿನಲ್ಲಿ ಕೊಟ್ಟ. ಅದರ ಒದೆತ ನನ್ನ .243 ರೈಫಲಿನ ಎರಡರಷ್ಟು. ಮೊದಲ ಗುಂಡು ನಡುವಿಗೆ ಬಿತ್ತು. ಮೂರನೆಯದರ ಹೊತ್ತಿಗೆ ಗುರಿ ಹರಡಿಹೋಯಿತು, ಕಣ್ಣು ತಾನೇ ಮುಚ್ಚಿಕೊಳ್ಳುತ್ತಿತ್ತು. ಅದೇ .243ರಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಹೊಡೆದರೂ ಗುಂಡುಗಳೆಲ್ಲ ಒಂದೇ ಕಡೆ ಬೀಳುತ್ತಿದ್ದವು. ಇದಕ್ಕಿಂತ ದೊಡ್ಡ ಕಾರಣ ನನಗೆ ಬೇಕಿರಲಿಲ್ಲ.

ಇನ್ನು 'ಸಣ್ಣ' ಅಂದರೆ ಎಷ್ಟು ಸಣ್ಣ? ಇಲ್ಲೇ ಜನ ಗೊಂದಲ ಮಾಡಿಕೊಳ್ಳೋದು. .22 ಲಾಂಗ್ ರೈಫಲ್ ಗುಂಡು ಸುಮಾರು 2.6 ಗ್ರಾಂ, ನಳಿಗೆ ಬಿಡುವಾಗ ಅದರ ಶಕ್ತಿ 150ರಿಂದ 190 ಜೂಲ್. .223 ಗುಂಡಿನ ಅಗಲ ಹೆಚ್ಚುಕಮ್ಮಿ ಅಷ್ಟೇ, ತೂಕ 3.6 ಗ್ರಾಂ, ಆದರೆ ಸೆಕೆಂಡಿಗೆ 980 ಮೀಟರ್ ಹತ್ತಿರದ ವೇಗದಲ್ಲಿ ಹೊರಡುವುದರಿಂದ ಶಕ್ತಿ 1,700 ಜೂಲ್ ಮುಟ್ಟುತ್ತದೆ. .243ರ 6.5 ಗ್ರಾಂ ಗುಂಡಿಗೆ 2,600 ಜೂಲ್. .30-06ಕ್ಕೆ 3,900ರ ಆಸುಪಾಸು. ಅಗಲ ನೋಡಿ .22 ಮತ್ತು .223 ಅಣ್ಣತಮ್ಮ ಅಂದುಕೊಂಡರೆ ಕೆಟ್ಟಿರಿ.

ಕಾನೂನುಗಳೂ ಈ ಲೆಕ್ಕದ ಮೇಲೇ ನಿಂತಿವೆ. ಟೆಕ್ಸಾಸ್‌ನಲ್ಲಿ ಅಲ್ಲಿನ ಬಿಳಿಬಾಲದ ಜಿಂಕೆಗೆ .223 ನಡೆಯುತ್ತದೆ, .22 ಥರದ ರಿಮ್‌ಫೈರ್ (ತಳದ ಅಂಚಿಗೆ ಪೆಟ್ಟು ಬಿದ್ದು ಹಾರುವ) ತೋಟಾ ನಡೆಯಲ್ಲ. ಕೊಲರಾಡೊದಲ್ಲಿ ಜಿಂಕೆಗೆ ಕನಿಷ್ಠ 6 ಮಿಲಿಮೀಟರ್ ಬೇಕು, ಅಂದರೆ .243ರಿಂದ ಮೇಲೆ. ಇಂಗ್ಲೆಂಡಿನ 1991ರ ಕಾಯ್ದೆಯಲ್ಲೂ ದೊಡ್ಡ ಜಿಂಕೆಗಳಿಗೆ .240 ಕನಿಷ್ಠ. ನಮೀಬಿಯಾದಲ್ಲಿ ಜೂಲ್ ಲೆಕ್ಕ ಕೇಳುತ್ತಾರೆ: ಜಿಂಕೆಯಂಥ ಸಣ್ಣ ಸ್ಪ್ರಿಂಗ್‌ಬಕ್‌ಗೆ 1,350, ಆನೆ ಮತ್ತು ಕಾಡೆಮ್ಮೆಗೆ 5,400. ನಮೀಬಿಯಾದ ದಾರಿಯೇ ನನಗೆ ಸರಿ ಕಾಣುತ್ತದೆ.

ಆದರೆ ಜೂಲ್ ಕೂಡ ಅರ್ಧ ಸತ್ಯ. ಉಳಿದರ್ಧ ಗುಂಡಿನ ರಚನೆಯಲ್ಲಿದೆ. ರ್‍ಯಾಂಚಿನಲ್ಲಿ ಖಾಲಿ ಹಾಲಿನ ಕ್ಯಾನ್‌ಗಳಿಗೆ ನೀರು ತುಂಬಿ ಸಾಲಾಗಿ ಇಟ್ಟು ಹೊಡೆದು ನೋಡಿದ್ದೆ. ನರಿ, ಮೊಲದಂಥ ಚಿಕ್ಕ ಪ್ರಾಣಿಗೆಂದು ಮಾಡಿದ ತೆಳು ಹೊದಿಕೆಯ .223 ಗುಂಡು ಮೊದಲ ಕ್ಯಾನನ್ನು ಚಿಂದಿ ಮಾಡಿತು. ಎರಡನೆಯದರ ತಳದಲ್ಲಿ ಸೀಸದ ಪುಡಿ, ತಾಮ್ರದ ಚೂರು ಅಷ್ಟೇ ಸಿಕ್ಕಿದ್ದು. ನೋಡೋಕೆ ಭಯಂಕರ, ಜಿಂಕೆಯ ಭುಜಕ್ಕೆ ಬಿದ್ದರೆ ಮೇಲೆ ದೊಡ್ಡ ಗಾಯ, ಒಳಗೆ ಏನೂ ಇಲ್ಲ. ಪೂರ್ತಿ ತಾಮ್ರದ ಗುಂಡು ಮೊದಲ ಕ್ಯಾನಿಗೆ ಅಷ್ಟೇನೂ ಮಾಡಲಿಲ್ಲ, ಆದರೆ ಒಂದಾದ ಮೇಲೊಂದು ತೂತು ಮಾಡುತ್ತಾ ಹೋಯಿತು. ಕೊನೆಗೆ ಸಿಕ್ಕಿದಾಗ ಮೂತಿ ನಾಲ್ಕು ಎಸಳಾಗಿ ಹಿಂದಕ್ಕೆ ಮಡಚಿಕೊಂಡಿತ್ತು, ತೂಕ ಹೆಚ್ಚುಕಮ್ಮಿ ಹಾಗೇ ಇತ್ತು. ಅಮೆರಿಕದ ಗುಂಡು ತಯಾರಕ ಜಾನ್ ನೋಸ್ಲರ್, ನಡುವೆ ಗೋಡೆಯಿರುವ ಪಾರ್ಟಿಷನ್ ಗುಂಡನ್ನು 1948ರಲ್ಲಿ ಮಾರುಕಟ್ಟೆಗೆ ತಂದದ್ದೂ ಇದೇ ತೊಂದರೆಗೆ. ಮುಂಭಾಗ ಅರಳಬೇಕು, ಹಿಂಭಾಗ ಉಳಿದು ಒಳಕ್ಕೆ ನುಗ್ಗಬೇಕು. ದೊಡ್ಡ ಕ್ಯಾಲಿಬರ್‌ನಲ್ಲಿ ಗುಂಡಿನ ಆಯ್ಕೆ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆದೀತು. ಸಣ್ಣದರಲ್ಲಿ ನಡೆಯಲ್ಲ. ಇನ್ನೊಂದು, ಉದ್ದ ಗುಂಡು ಹಾಕೋ ಮುಂಚೆ ನಿಮ್ಮ ನಳಿಗೆಯೊಳಗೆ ಗುಂಡನ್ನು ಸುತ್ತಿಸುವ ಗೀರುಗಳ ತಿರುವು ನೋಡಿ. 12 ಇಂಚಿಗೆ ಒಂದು ಸುತ್ತು ಇರುವ ಹಳೆಯ .223 ನಳಿಗೆ ಭಾರದ ಗುಂಡನ್ನು ನೆಟ್ಟಗೆ ಕಳಿಸಲ್ಲ, 8 ಇಂಚಿನದು ಕಳಿಸುತ್ತದೆ.

ಟೆಕ್ಸಾಸ್‌ನಲ್ಲಿ ನನಗೆ ತಮಾಷೆ ಅನ್ನಿಸಿದ ಸಂಗತಿ ಒಂದಿದೆ. ಕೆರ್‌ವಿಲ್ ಸುತ್ತಮುತ್ತಲ ಸುಣ್ಣಕಲ್ಲಿನ ಗುಡ್ಡಗಳಲ್ಲಿ ನಮ್ಮ ಬಂಡೀಪುರದ ಚುಕ್ಕೆ ಜಿಂಕೆ ಹಿಂಡುಹಿಂಡಾಗಿ ಓಡಾಡುತ್ತದೆ. 1930ರ ದಶಕದಲ್ಲಿ ತಂದು ಬಿಟ್ಟಿದ್ದು, ಬೇಲಿ ದಾಟಿ ಹಬ್ಬಿಕೊಂಡಿವೆ. ಹೊರಗಿನ ಪ್ರಾಣಿ ಅಂತ ಅಲ್ಲಿ ಅವಕ್ಕೆ ಸೀಸನ್ನೇ ಇಲ್ಲ, ಜಮೀನಿನವರು ಒಪ್ಪಿದರೆ ವರ್ಷಪೂರ್ತಿ ಹೊಡೆಯಬಹುದು. ಇಲ್ಲಿ ಮುಟ್ಟಿದರೆ ಜೈಲು, ಅಲ್ಲಿ ಕಾಟ. ಅಮ್ಮನಿಗೆ ಫೋನಿನಲ್ಲಿ ಈ ವಿಷಯ ಮಾತ್ರ ಹೇಳುತ್ತಿರಲಿಲ್ಲ.

ಒಂದು ಸಂಜೆ ಓಕ್ ಮರಗಳ ಅಂಚಿನಿಂದ ಗಂಡು ಚುಕ್ಕೆ ಜಿಂಕೆಯೊಂದು ಬಯಲಿಗೆ ಬಂತು. ದೂರ ನೂರು ಮೀಟರ್‌ಗಿಂತ ಸ್ವಲ್ಪ ಹೆಚ್ಚು. ನಮ್ಮ ಕಡೆಗೇ ಓರೆಯಾಗಿ ಎದೆ ಕೊಟ್ಟು ನಿಂತಿತು. ಸ್ನೇಹಿತ ಪಕ್ಕದಲ್ಲಿ ಪಿಸುಗುಟ್ಟಿದ. "ಹೊಡಿ ಮಾರಾಯ, ಇನ್ನೇನು ಹೋಗ್ತದೆ." ಅವನ .30-06 ಆಗಿದ್ದರೆ ಅದು ಹೊಡೆಯುವ ಈಡೇ. ಭುಜದ ಮೂಳೆ ಮುರಿದುಕೊಂಡು ಒಳಗೆ ಹೋಗುವ ತಾಕತ್ತು ಅದಕ್ಕಿದೆ. ನನ್ನ .243ಕ್ಕೆ ಆ ಕೋನದಲ್ಲಿ ಮೊದಲು ಎದುರಾಗೋದು ಅದೇ ಮೂಳೆ, ಅದನ್ನು ದಾಟಿದ ಮೇಲೆ ಎಷ್ಟು ಉಳಿಯುತ್ತದೋ ನಂಬಿಕೆ ಇಲ್ಲ. ಬೆರಳನ್ನು ಕುದುರೆಯಿಂದ ಹೊರಗಿಟ್ಟುಕೊಂಡು ಕೂತೆ. ಜಿಂಕೆ ತಲೆ ಬಗ್ಗಿಸಿ ಹುಲ್ಲು ಕಿತ್ತಿತು, ಬಾಲ ಆಡಿಸಿತು, ಮತ್ತೆ ತಲೆಯೆತ್ತಿತು. ಕೊನೆಗೆ ಅಡ್ಡ ತಿರುಗಿ ಮುಂಗಾಲು ಒಂದು ಹೆಜ್ಜೆ ಮುಂದಿಟ್ಟಿತು. ಕಾಲು ಮುಂದೆ ಹೋದಾಗ ಅದರ ಹಿಂದಿನ ಪಕ್ಕೆ ತೆರೆದುಕೊಳ್ಳುತ್ತದೆ. ಕಾಯುತ್ತಿದ್ದದ್ದು ಅದಕ್ಕೇ. ಮುಂಗಾಲಿನ ಹಿಂದಿನ ಗೆರೆ ಹಿಡಿದು, ಹೊಟ್ಟೆಯಂಚಿನಿಂದ ಮೂರನೇ ಒಂದು ಪಾಲು ಮೇಲೆ ದುರ್ಬೀನಿನ ಕೂದಲಗೆರೆ ನಿಲ್ಲಿಸಿ ಒತ್ತಿದೆ.

ಬೀಳಲಿಲ್ಲ. ಬೀಳಲ್ಲ ಅಂತ ಗೊತ್ತಿತ್ತು. ಶ್ವಾಸಕೋಶಕ್ಕೆ ಬಿದ್ದ ಜಿಂಕೆ ಅರುವತ್ತು ಎಪ್ಪತ್ತು ಹೆಜ್ಜೆ ಓಡುವುದು ಮಾಮೂಲು, ಸಣ್ಣ ಗುಂಡಾದರೆ ಇನ್ನೂ ಸ್ವಲ್ಪ ಜಾಸ್ತಿ. ಅರ್ಧ ಗಂಟೆ ಅಲ್ಲೇ ಕೂತು ಆಮೇಲೆ ಹೋದೆವು. ಬಿಳಿ ಕಲ್ಲಿನ ಮೇಲೆ ನೊರೆನೊರೆಯಾದ ತಿಳಿಗೆಂಪು ರಕ್ತ. ನೊರೆ ಇದ್ದರೆ ಶ್ವಾಸಕೋಶ, ನಿರಾಳ. ಕಡುಗೆಂಪು ಇದ್ದರೆ ಲಿವರ್, ಇನ್ನೂ ಕಾಯಬೇಕು. ಹಸಿರು ಮಿಶ್ರವಾಗಿ ವಾಸನೆ ಬಂದರೆ ಹೊಟ್ಟೆ, ಗಂಟೆಗಟ್ಟಲೆ ಬೆನ್ನು ಹತ್ತದೆ ಬಿಡಬೇಕು. ಬೆನ್ನು ಹತ್ತಿದರೆ ಅದು ಓಡುತ್ತಲೇ ಇರುತ್ತದೆ. ನಮ್ಮದು ಸೀಡರ್ ಪೊದೆಯ ಬುಡದಲ್ಲಿ ಬಿದ್ದಿತ್ತು. ಗುಂಡು ಆಚೆಯಿಂದ ಹೊರಟಿತ್ತು, ತೂತು ಒಂದು ರೂಪಾಯಿ ನಾಣ್ಯದಷ್ಟು. ಆ ಹೊರತೂತು ಇಲ್ಲದಿದ್ದರೆ ರಕ್ತದ ಜಾಡು ಇಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ. ಅದಕ್ಕೇ ನಾನು ಸಣ್ಣ ಕ್ಯಾಲಿಬರ್‌ನಲ್ಲಿ ಒಳಗೇ ಒಡೆದು ನಿಲ್ಲುವ ಗುಂಡನ್ನು ಮೆಚ್ಚಲ್ಲ.

ಹಂದಿ ಬೇರೆ ಕಥೆ. ಬಲಿತ ಗಂಡು ಹಂದಿಯ ಭುಜದ ಮೇಲೆ ಚರ್ಮದಡಿ ಗಟ್ಟಿಯಾದ ಪದರ ಬೆಳೆದಿರುತ್ತದೆ, ಕಾದಾಟದಲ್ಲಿ ಕೋರೆ ತಡೆಯೋಕೆ. ಹೃದಯವೂ ಜಿಂಕೆಗಿಂತ ಮುಂದೆ, ತಗ್ಗಿನಲ್ಲಿ, ಭುಜದ ಮರೆಯಲ್ಲೇ ಇರುತ್ತದೆ. ಜಿಂಕೆಗೆ ಹೊಡೆದ ಹಾಗೆ ಭುಜದ ಹಿಂದೆ ಹೊಡೆದರೆ ಹೊಟ್ಟೆಗೆ ಬೀಳುವ ಅಪಾಯ. .223 ಹಿಡಿದಾಗ ನಾನು ಆರಿಸಿದ್ದು ಎಳೆಯ ಹಂದಿಗಳನ್ನು ಮಾತ್ರ, ಅದೂ ಹತ್ತಿರದಿಂದ, ಮೇಯುತ್ತಾ ನಿಂತಾಗ, ಕಿವಿಯ ಬುಡಕ್ಕೆ. ತಲೆ ಆಡಿಸುತ್ತಿದ್ದರೆ ಬಿಟ್ಟೆ. ಮುದಿ ಸಲಗ ಬಂದರೂ ಬಿಟ್ಟೆ. .22ರಲ್ಲಿ ಹಂದಿ ಬೀಳುತ್ತಾ ಅಂದರೆ ಕಿವಿಬುಡಕ್ಕೆ ಸರಿಯಾಗಿ ಬಿದ್ದರೆ ಬೀಳುತ್ತದೆ. ಒಂದಿಂಚು ತಪ್ಪಿದರೆ ದವಡೆ ಮುರಿದುಕೊಂಡು ಓಡಿ, ತಿನ್ನಲಾಗದೆ ವಾರಗಟ್ಟಲೆ ನರಳುತ್ತದೆ. ಎಳೆ ಹಂದಿಯ ಪಂದಿ ಕರಿ ಮಾಡುವ ಕೆಲಸ ಸ್ನೇಹಿತನದು. ಕಾಚಂಪುಳಿ ಬಾಟಲಿ ಮಡಿಕೇರಿಯಿಂದ ಅವನ ಸೂಟ್‌ಕೇಸಿನಲ್ಲೇ ಬರುತ್ತಿತ್ತು.

ಇಷ್ಟು ಹೇಳಿದ ಮೇಲೂ ಯಾರಾದರೊಬ್ಬರು ಬೆಲ್ ಹೆಸರು ಎತ್ತುತ್ತಾರೆ. ಡಬ್ಲ್ಯೂ.ಡಿ.ಎಂ. ಬೆಲ್ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಆನೆ ಹೊಡೆದವನು, ಬಹುಪಾಲು .275 ರಿಗ್ಬಿಯಲ್ಲಿ. ಜಿಮ್ ಕಾರ್ಬೆಟ್ ಅವರಿಗೆ ನರಭಕ್ಷಕ ಚಂಪಾವತ್ ಹುಲಿ ಕೊಂದಿದ್ದಕ್ಕೆ 1907ರಲ್ಲಿ ಉಡುಗೊರೆ ಬಂದದ್ದೂ ಅದೇ ಕ್ಯಾಲಿಬರ್. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಹಿಡಿದದ್ದು ಮಾತ್ರ .405 ವಿಂಚೆಸ್ಟರ್, 19 ಗ್ರಾಂ ಗುಂಡು. ಪೊದೆಯ ಒಳಗಿಂದ ನುಗ್ಗುವ ಚಿರತೆಗೆ ನಾನಾದರೂ ಅದನ್ನೇ ಹಿಡಿಯುತ್ತಿದ್ದೆ. ಬೆಲ್ ಬಳಸಿದ್ದು ಅರಳದ, ಗಟ್ಟಿ ಹೊದಿಕೆಯ, 11 ಗ್ರಾಂ ತೂಕದ ಉದ್ದ ಗುಂಡು. ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ ಮಿದುಳು ಎಲ್ಲಿದೆ ಅಂತ ಕಲಿತಿದ್ದ, ಹತ್ತಿರ ಹೋಗಿ ಅಲ್ಲಿಗೇ ಹೊಡೆಯುತ್ತಿದ್ದ. ಅದು ಅವನ ದಿನನಿತ್ಯದ ಕಸುಬು. ಶನಿವಾರ ಭಾನುವಾರ ಬೇಟೆಗೆ ಹೋಗುವ ನಮಗೂ ಅವನಿಗೂ ಹೋಲಿಕೆ ಎಲ್ಲಿ? 1953ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ಬೆಲ್ಲಾ ಟ್ವಿನ್ ಅನ್ನುವ ಕ್ರೀ ಸಮುದಾಯದ ಹೆಂಗಸು .22ರಲ್ಲಿ ದಾಖಲೆ ಗಾತ್ರದ ಗ್ರಿಜ್ಲಿ ಕರಡಿ ಕೊಂದದ್ದೂ ನಿಜ. ಆಕೆ ಕರಡಿ ಬೇಟೆಗೆ .22 ಆರಿಸಿಕೊಂಡು ಹೋದವಳಲ್ಲ. ಕರಡಿ ತೀರಾ ಹತ್ತಿರ ಬಂತು, ಕೈಯಲ್ಲಿ ಅದಿತ್ತು.

ದಕ್ಷಿಣ ಟೆಕ್ಸಾಸ್‌ನಲ್ಲಿ ನೀಲಗಾಯಿಯೂ ಇದೆ, ಅದೂ ನಮ್ಮ ದೇಶದಿಂದ ಹೋದದ್ದೇ. ಗಂಡಾದರೆ ಇನ್ನೂರು ಕೆಜಿ ದಾಟುತ್ತದೆ, ದಪ್ಪ ಚರ್ಮ, ಗಟ್ಟಿ ಜೀವ. ಹೋಗೋಣ ಅಂತ ಕರೆ ಬಂದಾಗ ನಾನು .243 ಹಿಡಿದು ಹೋಗಲ್ಲ ಅಂದೆ. .30-06 ನನ್ನ ಭುಜಕ್ಕೆ ಒಗ್ಗಲ್ಲ. ಹಾಗಾಗಿ ಅಡುಗೆ ಕೆಲಸಕ್ಕೆ ಬರುತ್ತೇನೆ ಅಂತ ಹೋದೆ, ಚೆನ್ನಾಗೇ ಕಳೆಯಿತು.

ಈಗ ಬೆಂಗಳೂರಿನಲ್ಲಿ ನಾನು ಹೊಡೆಯೋದು ಕಾಗದಕ್ಕೆ ಮಾತ್ರ, 10 ಮೀಟರ್ ಏರ್ ರೈಫಲ್. ವಿದೇಶಕ್ಕೆ ಹೊರಟವರು ಕೆಲವರು ಭಾನುವಾರ ಮನೆಗೆ ಬರುತ್ತಾರೆ. ಜಯನಗರದ ಜೆರಾಕ್ಸ್ ಅಂಗಡಿಯಲ್ಲಿ ಎ4 ಹಾಳೆಗೆ ಜಿಂಕೆ, ಹಂದಿ ಫೋಟೋಗಳನ್ನು ತೆಗೆಸಿಟ್ಟಿದ್ದೇನೆ. ಅಡ್ಡ ನಿಂತಿದ್ದು, ಓರೆಯಾಗಿ ಆಚೆ ತಿರುಗಿದ್ದು, ಎದೆ ಕೊಟ್ಟಿದ್ದು, ಹಿಂಬದಿ ತೋರಿಸಿದ್ದು, ಹಿಂದೆ ಇನ್ನೊಂದು ಜಿಂಕೆ ನಿಂತಿದ್ದು. ಡ್ರೈ ಫೈರ್ (ಗುಂಡಿಲ್ಲದೆ ಕುದುರೆ ಒತ್ತುವ) ವ್ಯವಸ್ಥೆ ಇರುವ ಮ್ಯಾಚ್ ರೈಫಲ್ ಖಾಲಿ ಇದೆಯಾ ಅಂತ ಇಬ್ಬರೂ ನೋಡಿದ ಮೇಲೆ ಅವರ ಕೈಗೆ ಕೊಡುತ್ತೇನೆ. ಹಾಳೆ ಎತ್ತಿದ ಕೂಡಲೇ ಹೊಡೆಯಬೇಕಾ ಬಿಡಬೇಕಾ ಹೇಳಬೇಕು, ಹೊಡೆಯೋದಾದರೆ ಗುಂಡು ಎಲ್ಲಿಂದ ಹೊರಗೆ ಹೋಗುತ್ತದೆ ಅಂತಲೂ ಹೇಳಬೇಕು. ಕೈಯಲ್ಲಿರೋದು .30-06 ಅಂದುಕೊಂಡರೆ ಒಂದು ಉತ್ತರ, .243 ಆದರೆ ಇನ್ನೊಂದು, .223 ಆದರೆ ಹೆಚ್ಚಿನ ಹಾಳೆಗಳಿಗೆ "ಬಿಡ್ತೀನಿ" ಅನ್ನೋದೇ ಸರಿಯುತ್ತರ. ಹುಡುಗರಿಗೆ ಇದು ಬೋರು. "ಏನ್ ಸಾರ್, ಹೊಡೆಯೋದೇ ಬೇಡ್ವಾ?" ಅನ್ನುತ್ತಾರೆ. ಟೆಕ್ಸಾಸ್‌ನಲ್ಲಿ ಬಿಳಿಬಾಲದ ಜಿಂಕೆ ಸೀಸನ್ ಶುರುವಾಗೋದು ನವೆಂಬರ್ ಮೊದಲ ಶನಿವಾರ. ಅದಕ್ಕೆ ಹೋಗುವವರು ದಸರಾಕ್ಕೆ ಮುಂಚೆ ಬಂದರೆ ಎಲ್ಲ ಹಾಳೆ ಮುಗಿಸೋಕೆ ಪುರಸೊತ್ತು ಸಿಗುತ್ತದೆ.