ಆಲ್ಟಿಸ್ ಗೇರ್‌ಬಾಕ್ಸಿನ ಎಟಿಎಫ್, ಫಿಲ್ಟರ್ ಮನೆಯಲ್ಲೇ ಬದಲಿಸಿದ್ದು: ನನ್ನ ಅನುಭವ

ಸಂಜೆ ಹೊತ್ತು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಲು ಗಾಡಿ ತೆವಳುವಾಗ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಲಾಕ್ ಆಗುವುದಿಲ್ಲ, ಅಂದರೆ ಎರಡನ್ನೂ ನೇರವಾಗಿ ಜೋಡಿಸುವುದಿಲ್ಲ. ಎಂಜಿನ್ನಿನ ಬಲ ಚಕ್ರಕ್ಕೆ ಹೋಗುವುದು ಎಟಿಎಫ್ ಮೂಲಕವೇ, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯ (ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಮೂಲಕ. ಆ ಜಾರಾಟದಲ್ಲಿ ಕಳೆದುಹೋಗುವ ಶಕ್ತಿಯೆಲ್ಲ ಶಾಖವಾಗಿ ಅದೇ ಎಣ್ಣೆಗೆ ಸೇರುತ್ತದೆ. ತುಮಕೂರು ಹೆದ್ದಾರಿಯಲ್ಲಿ ಓಡಿದ 60,000 ಕಿ.ಮೀ.ಗೂ ಹೊರವರ್ತುಲ ರಸ್ತೆಯಲ್ಲಿ ಓಡಿದ 60,000 ಕಿ.ಮೀ.ಗೂ ಅಜಗಜಾಂತರ. ಆದ್ದರಿಂದ ಎಟಿಎಫ್ ಬದಲಿಸುವುದೇ ಬೇಡ ಎನ್ನುವ ಮಾತನ್ನು ಬೆಂಗಳೂರಿನ ಗಾಡಿಗೆ ನಾನು ಒಪ್ಪುವುದಿಲ್ಲ. 50,000ದಿಂದ 60,000 ಕಿ.ಮೀ. ಒಳಗೆ ಒಮ್ಮೆ ಬದಲಿಸುತ್ತೇನೆ.

ಇಲ್ಲಿ ಬರೆದಿರುವುದು 4 ಗೇರಿನ, ಡಿಪ್‌ಸ್ಟಿಕ್ (ಎಣ್ಣೆಯ ಮಟ್ಟ ನೋಡುವ ಕಡ್ಡಿ) ಇರುವ ಹಳೆಯ ಟೊಯೊಟಾ ಕೊರೊಲಾ ಆಲ್ಟಿಸ್‌ಗೆ. ನಿಮ್ಮ ಗಾಡಿಯಲ್ಲಿ ಕ್ಲಚ್ ಪೆಡಲ್ ಇಲ್ಲ ಅಂದಮಾತ್ರಕ್ಕೆ ಇದು ಅನ್ವಯಿಸಬೇಕಿಲ್ಲ. ಎಎಂಟಿ (ಗೇರ್ ತಾನಾಗಿ ಬದಲಾಗುವ ಮ್ಯಾನ್ಯುವಲ್) ಗಾಡಿಯ ಒಳಗಿರುವುದು ಮ್ಯಾನ್ಯುವಲ್ ಗೇರ್‌ಬಾಕ್ಸೇ, ಅದಕ್ಕೆ ಗೇರ್ ಆಯಿಲ್. ಗೇರುಗಳ ಬದಲು ಬೆಲ್ಟಿನಿಂದ ನಡೆಯುವ ಸಿವಿಟಿಗೆ ಅದರದ್ದೇ ಬೇರೆ ದ್ರವ. ಅಲ್ಲಿ ಎಟಿಎಫ್ ಸುರಿದರೆ ಬೆಲ್ಟ್ ಹಿಡಿತ ತಪ್ಪಿ ಗೇರ್‌ಬಾಕ್ಸೇ ಹಾಳಾಗುತ್ತದೆ. ಡಿಪ್‌ಸ್ಟಿಕ್ ಇಲ್ಲದೆ ಓವರ್‌ಫ್ಲೋ ಪ್ಲಗ್ (ಹೆಚ್ಚಾದ ಎಣ್ಣೆ ಹೊರಹೋಗುವ ತೂತಿನ ಬಿರಡೆ) ಇರುವ ಗೇರ್‌ಬಾಕ್ಸುಗಳಲ್ಲಿ ಮಟ್ಟ ನೋಡುವ ಕ್ರಮವೇ ಬೇರೆ.

ನನ್ನ ಗಾಡಿಗೆ ಬೇಕಾದದ್ದು ಟೊಯೊಟಾ ಎಟಿಎಫ್ ಡಬ್ಲ್ಯೂಎಸ್. ಕೈಪಿಡಿ ಕೈಗೆ ಸಿಗದಿದ್ದರೂ ಡಿಪ್‌ಸ್ಟಿಕ್ ಮೇಲಿನ ಅಚ್ಚು ನೋಡಿದರೆ ಸಾಕು. ಹಳೆಯ ಟಿ-4 ಮತ್ತು ಡಬ್ಲ್ಯೂಎಸ್ ಎರಡರ ದಪ್ಪ ಬೇರೆ, ಒಂದರ ಬದಲು ಇನ್ನೊಂದನ್ನು ಹಾಕಬಾರದು. ಅಂಗಡಿಯಲ್ಲಿ ‘ಎಲ್ಲ ಗಾಡಿಗೂ ಆಗತ್ತೆ ಸಾರ್’ ಎಂದು ಕೊಡುವ ಡಬ್ಬ ನನಗೆ ಬೇಡ. ಫಿಲ್ಟರ್, ಅದರ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ), ಪ್ಯಾನ್ (ಗೇರ್‌ಬಾಕ್ಸಿನ ತಳದ ಎಣ್ಣೆ ತಟ್ಟೆ) ಗ್ಯಾಸ್ಕೆಟ್, ಡ್ರೇನ್ ಪ್ಲಗ್ ವಾಷರ್ ಇವು ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ; ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತಾಳೆ ನೋಡಿಯೇ ದುಡ್ಡು ಕೊಡಿ. ಎಣ್ಣೆ 9 ಲೀಟರ್ ತರಬೇಕು. ಅಷ್ಟೇಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಅಪಾರ್ಟ್‌ಮೆಂಟ್ ಬೇಸ್‌ಮೆಂಟುಗಳ ನೆಲ ನೀರು ಹರಿಯಲೆಂದು ಇಳಿಜಾರಾಗಿರುತ್ತದೆ. ಮಟ್ಟ ನೋಡುವ ಹೊತ್ತಿಗಾದರೂ ಸಮತಟ್ಟು ಜಾಗ ಬೇಕು, ಅದನ್ನು ಮೊದಲೇ ಗುರುತಿಸಿಕೊಳ್ಳಿ. ಗಾಡಿಯ ಜೊತೆ ಬಂದ ಜಾಕ್ ಟೈರ್ ಬದಲಿಸಲಿಕ್ಕೆ ಮಾತ್ರ. ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು ಗಾಡಿ ಎತ್ತಿ, ಎರಡು ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಅಲುಗಾಡಿಸಿ ನೋಡಿ, ಆಮೇಲೆ ಕೆಳಗೆ ತಲೆ ಹಾಕಿ.

ಎಣ್ಣೆ ಉಗುರುಬೆಚ್ಚಗಿದ್ದಾಗ ಇಳಿಸುತ್ತೇನೆ. ಪೂರ್ತಿ ಬಿಸಿಯಿದ್ದರೆ ಕೈ ಸುಡುತ್ತದೆ. ಎಂಜಿನ್ ಆಯಿಲಿನ ಡ್ರೇನ್ ಪ್ಲಗ್ ಮತ್ತು ಗೇರ್‌ಬಾಕ್ಸಿನ ಡ್ರೇನ್ ಪ್ಲಗ್ ಅಕ್ಕಪಕ್ಕದಲ್ಲೇ ಇರುತ್ತವೆ, ಅದಲುಬದಲು ಮಾಡಿ ಕೆಟ್ಟವರಿದ್ದಾರೆ. ಬಿಚ್ಚುವ ಮೊದಲು ಎಂಜಿನ್ ಯಾವುದು, ಗೇರ್‌ಬಾಕ್ಸ್ ಯಾವುದು ಎಂದು ಕೈಯಿಟ್ಟು ಖಚಿತ ಮಾಡಿಕೊಳ್ಳಿ.

ಅಳತೆ ಗೆರೆಯಿರುವ ಪಾತ್ರೆಯಲ್ಲೇ ಹಿಡಿಯಿರಿ. ಈ ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಒತ್ತಿ ಹೇಳುವುದು ಇದನ್ನೇ: ಹೊರಗೆ ಬಂದದ್ದು ಎಷ್ಟು ಎಂದು ಬರೆದಿಟ್ಟುಕೊಳ್ಳಬೇಕು. ಪ್ಲಗ್ಗಿನಿಂದ ನನಗೆ ಸುಮಾರು 2.6 ಲೀಟರ್ ಬಂತು. ಪ್ಯಾನ್ ತಳದಲ್ಲಿ ಉಳಿದದ್ದು, ಫಿಲ್ಟರಿನಿಂದ ತೊಟ್ಟಿಕ್ಕಿದ್ದು ಸೇರಿ 3 ಲೀಟರ್ ದಾಟಿತು. ಎಣ್ಣೆ ತಣ್ಣಗಾದ ಮೇಲೆ ಅಳೆಯಿರಿ. 70 ಡಿಗ್ರಿಯಲ್ಲಿರುವ 3 ಲೀಟರ್ ತಣಿದು ಕೋಣೆಯ ಉಷ್ಣತೆಗೆ ಬಂದರೆ 100 ಮಿ.ಲೀ.ನಷ್ಟು ಕುಗ್ಗುತ್ತದೆ, ಡಬ್ಬದಿಂದ ಸುರಿಯುವ ಹೊಸದು ತಣ್ಣಗೇ ಇರುತ್ತದೆ.

ಪ್ಯಾನಿನ ಬೋಲ್ಟುಗಳಿಗೆ 10 ಎಂಎಂ ಸಾಕೆಟ್. ಒಂದು ಮೂಲೆಯ ಎರಡನ್ನು ಕೊನೆವರೆಗೆ ಉಳಿಸಿಕೊಂಡು ಉಳಿದವನ್ನೆಲ್ಲ ಬಿಚ್ಚಿದರೆ ಪ್ಯಾನ್ ಒಂದು ಕಡೆಗೆ ವಾಲಿ ಎಣ್ಣೆ ಪಾತ್ರೆಗೇ ಬೀಳುತ್ತದೆ, ಮುಖಕ್ಕಲ್ಲ. ಪ್ಯಾನ್ ಒಳಗಿನ ಅಯಸ್ಕಾಂತಗಳನ್ನು ಒರೆಸುವ ಮೊದಲು ಸರಿಯಾಗಿ ನೋಡಿ. ಬೆರಳಿಗೆ ನುಣ್ಣಗೆ ಹತ್ತುವ ಬೂದು ಬಣ್ಣದ ಕೆಸರು ಸಹಜ ಸವೆತ. ಚುಚ್ಚುವಂಥ ಕಬ್ಬಿಣದ ಚೂರು, ಹಿತ್ತಾಳೆ ಬಣ್ಣದ ಪುಡಿ, ಪ್ಯಾನ್ ತಳದಲ್ಲಿ ಕಪ್ಪು ಹುಡಿಯ ರಾಶಿ ಕಂಡರೆ ಒಳಗೆ ಬುಷ್ಷೋ ಕ್ಲಚ್ ಪ್ಲೇಟೋ ತಿಂದುಹೋಗುತ್ತಿದೆ ಎಂದರ್ಥ. ಎಟಿಎಫ್ ಸುಟ್ಟ ವಾಸನೆ ಬಂದು, ಗೇರ್ ಆಗಲೇ ಜಾರುತ್ತಿದ್ದರೆ ಹೊಸ ಎಣ್ಣೆ ಅದನ್ನು ಗುಣಪಡಿಸದು. ‘ಎಣ್ಣೆ ಬದಲಿಸಿದ ಮೇಲೇ ಗೇರ್‌ಬಾಕ್ಸ್ ಹೋಯಿತು’ ಎಂಬ ದೂರುಗಳಲ್ಲಿ ಎಷ್ಟೋ ಗಾಡಿಗಳ ಕ್ಲಚ್ ಪ್ಲೇಟ್ ಮೊದಲೇ ಸವೆದಿರುತ್ತವೆ.

ಫಿಲ್ಟರ್ ಬಿಚ್ಚುವಾಗ ಯಾವ ಬೋಲ್ಟ್ ಎಲ್ಲಿಂದ ಬಂತೋ ಅದೇ ಕ್ರಮದಲ್ಲಿ ರಟ್ಟಿನ ಮೇಲೆ ಚುಚ್ಚಿಡಿ. ಉದ್ದದ ಬೋಲ್ಟನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಅಲ್ಯೂಮಿನಿಯಂ ಕೈಕೊಡುತ್ತದೆ. ಇಲ್ಲಿ ಇನ್ನೊಂದು ಎಚ್ಚರ ಬೇಕು. ಹಳೆಯ ಓ-ರಿಂಗ್ ಫಿಲ್ಟರಿನ ಜೊತೆ ಬಾರದೆ ಮೇಲೆ ತೂತಿನಲ್ಲೇ ಅಂಟಿ ಕೂತಿರಬಹುದು. ನೋಡದೆ ಹೊಸದನ್ನು ಏರಿಸಿದರೆ ಫಿಲ್ಟರ್ ನೇರ ಕೂರುವುದಿಲ್ಲ. ಆ ಸಂದಿಯಲ್ಲಿ ಪಂಪು ಗಾಳಿ ಎಳೆಯುತ್ತದೆ. ಗುಂಯ್ ಎಂಬ ಸದ್ದು, ಡಿ ಹಾಕಿದರೆ ಒಂದೆರಡು ಸೆಕೆಂಡ್ ತಡ. ಟಾರ್ಚ್ ಹಿಡಿದು ತೂತನ್ನು ನೋಡಿ, ಹೊಸ ಓ-ರಿಂಗಿಗೆ ಅದೇ ಎಟಿಎಫ್ ಸವರಿ ಕೂರಿಸಿ.

ಪ್ಯಾನ್ ಒರೆಸಲು ಗ್ಯಾರೇಜಿನ ಬನಿಯನ್ ವೇಸ್ಟ್ ಬೇಡ. ಅದರ ಒಂದು ಎಳೆ ವಾಲ್ವ್ ಬಾಡಿಗೆ (ಎಣ್ಣೆಯ ಒತ್ತಡವನ್ನು ಬೇಕಾದ ಗೇರಿಗೆ ಹಂಚುವ ಭಾಗ) ಹೊಕ್ಕರೂ ಅದರ ಸಾಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ) ಅಂಟಿಕೊಳ್ಳಬಹುದು. ನೂಲು ಬಿಡದ ಬಟ್ಟೆ, ಬ್ರೇಕ್ ಕ್ಲೀನರ್ ಸಾಕು. ಗ್ಯಾಸ್ಕೆಟ್‌ಗೆ ಸಿಲಿಕೋನ್ ಪೇಸ್ಟನ್ನೂ ಹಚ್ಚುವುದಿಲ್ಲ. ಒಳಕ್ಕೆ ಉಬ್ಬಿದ ಪೇಸ್ಟ್ ಒಣಗಿ ಮುರಿದು ಹೊಸ ಫಿಲ್ಟರಿಗೇ ಹೋಗಿ ಕೂರುತ್ತದೆ. ಅಯಸ್ಕಾಂತಗಳನ್ನು ಅವುಗಳ ಗುಂಡಿಯಲ್ಲೇ ಇಟ್ಟು, ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ಎದುರುಬದುರಾಗಿ ಎರಡು ಸುತ್ತಿನಲ್ಲಿ 7ರಿಂದ 8 ನ್ಯೂಟನ್ ಮೀಟರ್. ಇದು ತೀರಾ ಕಡಿಮೆ ಬಿಗಿ, ಮಣಿಕಟ್ಟಿನ ಬಲದಷ್ಟೇ. ಚಕ್ರಕ್ಕೆ ಬಳಸುವ ದೊಡ್ಡ ಟಾರ್ಕ್ ರೆಂಚ್ ಇಷ್ಟು ಕಡಿಮೆಯಲ್ಲಿ ಸರಿಯಾಗಿ ತೋರಿಸುವುದಿಲ್ಲ, ಚಿಕ್ಕದು ಬೇಕು. ಆಮೇಲೆ ಸೋರಿದರೆ ಇನ್ನಷ್ಟು ಬಿಗಿಯೋಣ ಅನ್ನಿಸುತ್ತದೆ, ಬಿಗಿಯಬೇಡಿ. ಪ್ಯಾನಿನ ಅಂಚು ಬೋಲ್ಟಿನ ಸುತ್ತ ತಗ್ಗಾಗಿ ಸೋರಿಕೆ ಹೆಚ್ಚುತ್ತದೆ, ಇಲ್ಲವೇ ಕೇಸಿನ ಥ್ರೆಡ್ ಹೋಗುತ್ತದೆ.

ಉದ್ದ ಮೂತಿಯ ಫನಲ್ ಇಟ್ಟು ಡಿಪ್‌ಸ್ಟಿಕ್ ಕೊಳವೆಯಲ್ಲೇ ಸುರಿಯಬೇಕು. ಹೊರಬಂದದ್ದಕ್ಕಿಂತ 200 ಮಿ.ಲೀ. ಕಡಿಮೆ ಹಾಕಿ ನಿಲ್ಲಿಸುತ್ತೇನೆ. ಗಾಡಿಯನ್ನು ಕೆಳಗಿಳಿಸಿ, ಎಂಜಿನ್ ಶುರು ಮಾಡಿ, ಬ್ರೇಕ್ ಒತ್ತಿಕೊಂಡು ಲಿವರನ್ನು ಪಿಯಿಂದ ಎಲ್‌ವರೆಗೆ ಒಂದೊಂದು ಸ್ಥಾನದಲ್ಲೂ ಕೆಲ ಸೆಕೆಂಡ್ ನಿಲ್ಲಿಸಿ ಪಿಗೆ ತರಬೇಕು. ಆಗ ಡಿಪ್‌ಸ್ಟಿಕ್ಕಿನ ಕೂಲ್ ಗುರುತಿನ ಒಳಗಿದ್ದರೆ ಓಡಿಸಲು ಅಡ್ಡಿಯಿಲ್ಲ. ಕೊನೆಯ ತೀರ್ಮಾನ ಎಣ್ಣೆ 70ರಿಂದ 80 ಡಿಗ್ರಿಗೆ ಬಂದಾಗ, ಸಮತಟ್ಟು ಜಾಗದಲ್ಲಿ, ಎಂಜಿನ್ ಓಡುತ್ತಿರುವಾಗಲೇ, ಹಾಟ್ ಗುರುತಿನಲ್ಲಿ. ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಓಬಿಡಿ ಸ್ಕ್ಯಾನರ್ ಇದ್ದರೆ ಉಷ್ಣತೆಯನ್ನು ಊಹಿಸಬೇಕಿಲ್ಲ. ಹೊಸ ಎಣ್ಣೆ ಕೊಳವೆಯ ಗೋಡೆಗೆ ಅಂಟಿರುವುದರಿಂದ ಮೊದಲ ಕೆಲವು ಸಲ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ; ಒರೆಸಿ, ಅದ್ದಿ, ಎರಡೂ ಬದಿ ನೋಡಿ, ಕಡಿಮೆ ತೋರಿಸುವ ಬದಿಯನ್ನು ನಂಬಿ. ಹೆಚ್ಚಾದರೆ ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಗೆ ಒತ್ತಡ ಹಿಡಿಯುವ ಶಕ್ತಿಯಿಲ್ಲ, ಗೇರ್ ಜಾರುತ್ತದೆ. ಕಡಿಮೆಯಾದರೆ ಪಂಪು ಗಾಳಿ ಎಳೆದು ಅದೇ ಗತಿ.

ಈಗ 9 ಲೀಟರಿನ ಲೆಕ್ಕ. ಈ ಗೇರ್‌ಬಾಕ್ಸಿನಲ್ಲಿ ಒಟ್ಟು ಸುಮಾರು 6.5 ಲೀಟರ್ ಎಣ್ಣೆ. ಅರ್ಧಕ್ಕಿಂತ ಹೆಚ್ಚು ಕನ್ವರ್ಟರ್, ಕೂಲರ್, ಕೊಳವೆಗಳಲ್ಲೇ ಉಳಿಯುತ್ತದೆ. ಮೊದಲ ಸಲ 3 ಲೀಟರ್ ಬದಲಾದರೆ ಹೊಸದರ ಪಾಲು 46 ಪರ್ಸೆಂಟ್. 300ರಿಂದ 500 ಕಿ.ಮೀ. ಓಡಿಸಿ ಪ್ಲಗ್ ಮಾತ್ರ ಬಿಚ್ಚಿ 2.6 ಲೀಟರ್ ಬದಲಿಸಿದರೆ 68. ಮೂರನೇ ಸಲಕ್ಕೆ 80ರ ಹತ್ತಿರ. ಎರಡನೆಯ, ಮೂರನೆಯ ಸಲ ಪ್ಯಾನ್ ಮುಟ್ಟಬೇಕಿಲ್ಲ, ಅರ್ಧ ಗಂಟೆಯ ಕೆಲಸ. ಎಣ್ಣೆಯ ಖರ್ಚು ಹೆಚ್ಚು, ನಿಜ. ಆದರೂ ಹಳೆಯ ಗಾಡಿಗೆ ಒತ್ತಡದ ಯಂತ್ರ ಹಾಕಿ ಒಂದೇ ಸಲ ಪೂರ್ತಿ ತೊಳೆಯುವುದಕ್ಕಿಂತ ನನಗೆ ಇದರ ಮೇಲೆಯೇ ಭರವಸೆ.

ಮಾರನೇ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಪ್ಯಾನಿನ ಕೆಳಗೆ ರಾತ್ರಿಯೇ ಹಾಸಿದ್ದ ರಟ್ಟನ್ನು ನೋಡಿ, ಕೆಂಪು ಚುಕ್ಕೆ ಇರಬಾರದು. ಹಳೆಯ ಎಣ್ಣೆಯನ್ನು ಖಾಲಿಯಾದ ಅದೇ ಡಬ್ಬಗಳಿಗೆ ತುಂಬಿ, ಬಳಸಿದ ಎಣ್ಣೆಯನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಮರುಸಂಸ್ಕರಣೆಗೆ ಕೊಡುವ ಗ್ಯಾರೇಜಿಗೆ ಒಪ್ಪಿಸುತ್ತೇನೆ. ಬೇಸ್‌ಮೆಂಟಿನ ಮೋರಿಗೆ ಸುರಿದರೆ ಅದು ರಾಜಕಾಲುವೆ ಹಿಡಿದು ಕೆರೆ ಸೇರುತ್ತದೆ.